ವಿಭೂತಿಯ ಕಣ ಓಡಿದ ಹಾದಿ

ಹ್ಯಾಂಬರ್ಗ್‌ನಲ್ಲಿ ಇನ್ನೂ ಸರಿಯಾಗಿ ಬೆಳಗಾಗಿಲ್ಲ. ಜಿಟಿಜಿಟಿ ಮಳೆ ಮಾತ್ರ ಆಗಲೇ ಡ್ಯೂಟಿಗೆ ಹಾಜರು. ಎಸ್-ಬಾನ್ ರೈಲು ಇಳಿದು ಪ್ಲಾಸ್ಮಾ ಪ್ರಯೋಗಾಲಯದ ಹಿಂಬಾಗಿಲಿಗೆ ಬರುವ ಗುರುಬಸಪ್ಪ ಛತ್ರಿ ಮಡಚಿ, ಒದ್ದೆ ಬಟ್ಟೆಯಿಂದ ಹಣೆಯ ವಿಭೂತಿಯನ್ನು ಚೊಕ್ಕವಾಗಿ ಒರೆಸಿಕೊಳ್ಳುತ್ತಾರೆ. ಮನೆಯಲ್ಲಿ ಭಕ್ತಿಯಿಂದ ಹಚ್ಚಿಕೊಂಡದ್ದನ್ನು ಇಲ್ಲಿ ಅಷ್ಟೇ ಭಕ್ತಿಯಿಂದ ಅಳಿಸುವುದು ಅವರ ನಿತ್ಯದ ನೇಮ. ಆಮೇಲೆ ಟೋಪಿ, ಮಾಸ್ಕು, ಕೈಗವಸು.

"ದೇವರು ಏನೂ ಅನ್ನೂದಿಲ್ರೀ. ಆದ್ರ ಈ ಡಬ್ಬಿ ಬಿಡೂದಿಲ್ಲ," ಎಂದು ಒಳಗಿರುವ ಉಕ್ಕಿನ ಪೆಟ್ಟಿಗೆಯನ್ನು ತೋರಿಸಿ ನಗುತ್ತಾರೆ.

ಇಲ್ಲಿನವರು ಚೇಂಬರ್ ಎನ್ನುವ ಆ ಪೆಟ್ಟಿಗೆ ಬಿಚ್ಚುವುದು, ಒಳಗೆಲ್ಲ ಒರೆಸುವುದು, ಮುಚ್ಚಿ ಪಂಪುಗಳಿಂದ ಗಾಳಿ ಹೀರಿಸುವುದು ಅವರ ಕೆಲಸ. ವಿಜ್ಞಾನಿಗಳು ಕಾಫಿ ಮುಗಿಸಿ ಬರುವಷ್ಟರಲ್ಲಿ ಎಲ್ಲ ಸಿದ್ಧ. ಚೂರೇ ಚೂರು ಅನಿಲ ಬಿಟ್ಟು ವಿದ್ಯುತ್ ಹಾಯಿಸಿದರೆ ಒಳಗೆ ನೇರಳೆ ಬೆಳಕಿನ ಪ್ಲಾಸ್ಮಾ ಹುಟ್ಟುತ್ತದೆ. ಅದರಲ್ಲಿ ಉದುರಿಸಿದ ಪ್ಲಾಸ್ಟಿಕ್ಕಿನ ಸೂಕ್ಷ್ಮ ಗುಂಡುಗಳು ವಿದ್ಯುದಾವೇಶ ಪಡೆದು, ಹಾಸಿದ ಚಾಪೆಯಂತೆ ತೇಲುತ್ತವೆ. ಚಾಪೆಯ ಕೆಳಗೆ ಕೊಂಚ ಭಾರದ ಒಂದು ಕಣ ರಭಸದಿಂದ ಓಡಿತೆಂದರೆ ಮೇಲಿನ ಗುಂಡುಗಳು ಅತ್ತಿತ್ತ ಸರಿದು, ಎಲ್ಬ ನದಿಯಲ್ಲಿ ಫೆರಿಯ ಹಿಂದೆ ಏಳುವ ಅಲೆಗಳಂತೆ ಕವಲೊಡೆದ ಜಾಡು ಮೂಡುತ್ತದೆ. ಆ ಜಾಡನ್ನು ಅಳೆಯುವುದೇ ಇಲ್ಲಿನವರ ತಪಸ್ಸು.

ಗುರುಬಸಪ್ಪ ಹುಬ್ಬಳ್ಳಿಯಲ್ಲಿ ಪಂಪು ರಿಪೇರಿ ಮಾಡುತ್ತಿದ್ದವರು. ಜರ್ಮನಿ ಆಗ ಐಟಿಯವರಿಗೆಂದು ಕೊಡುತ್ತಿದ್ದ ಗ್ರೀನ್ ಕಾರ್ಡ್ ಸಿಕ್ಕಿದ್ದು ಸಾಫ್ಟ್‌ವೇರ್ ಓದಿದ ಪತ್ನಿ ಶಾಮಲಾ ಅವರಿಗೆ. ಗಂಡನಿಗೆ ಕೆಲಸದ ಪರವಾನಗಿ, ಅಂದರೆ ಆರ್ಬೈಟ್ಸ್‌ಎರ್ಲೌಬ್ನಿಸ್, ಬೇರೆಯೇ ಬರಬೇಕಿತ್ತು. ಅಲ್ಲಿಯವರೆಗೆ ಅಡುಗೆ, ಕಸಬರಿಗೆ, ಮಗಳು ಇಳಾಳ ಕಿಂಡರ್‌ಗಾರ್ಟನ್.

"ಆರ್ಬೈಟ್ಸ್‌ಎರ್ಲೌಬ್ನಿಸ್ ಬರೂತನಾ ಮನ್ಯಾಗ ಕುಂತ ಕುಂತ ಕೈ ತುರಸ್ತಿದ್ವು. ಸೋರದ ನಲ್ಲೀನೂ ಬಿಚ್ಚಿ ಜೋಡಸ್ತಿದ್ದೆ," ಎನ್ನುತ್ತಾರೆ ಅವರು.

"ಕಡೀಕ ಅದು ಖರೇನ ಸೋರಾಕ ಹತ್ತಿತ್ರೀ," ಎಂದು ಶಾಮಲಾ ಸೇರಿಸುತ್ತಾರೆ.

ಹಾಗಾಗಿ ಪ್ರಯೋಗಾಲಯದ ಈ ಕೆಲಸ ಸಿಕ್ಕಾಗ ಅವರಿಗೆ ಹೋದ ಜೀವ ಬಂದಂತಾಯಿತು. ಮೊದಲ ಕಾಂಟ್ರಾಕ್ಟ್ ಮುಗಿಯುತ್ತಾ ಬಂದಿತ್ತು; ಮುಂದುವರಿಸುವ ಮಾತು ಇನ್ನೂ ಆಗಿರಲಿಲ್ಲ. ಅಷ್ಟರಲ್ಲಿ ಮಹಾನವಮಿ ಬಂತು. ಆಯುಧಗಳಿಗೆ ಮಾಡುವ ಖಂಡೆ ಪೂಜೆ ಬಿಡುವುದುಂಟೇ? ಸ್ಪ್ಯಾನರಿಗೆ, ಪಂಪುಗಳಿಗೆ, ಪೆಟ್ಟಿಗೆಯ ಮುಚ್ಚಳದ ಹೊರಮೈಗೂ ಮೂರು ಬೆರಳು ವಿಭೂತಿ ಎಳೆದು, ಊದುಬತ್ತಿ ಮಾತ್ರ ಮನಸ್ಸಿನಲ್ಲೇ ಬೆಳಗಿ ಕೈಮುಗಿದರು.

ಮರುದಿನ ಮುಚ್ಚಳ ಎತ್ತಿ, ಒಳಗೆಲ್ಲ ಒರೆಸಿ, ಮತ್ತೆ ಮುಚ್ಚಿದರು. ಪ್ರಯೋಗ ಶುರುವಾದಾಗ ಗುಂಡುಗಳ ಚಾಪೆಯ ಕೆಳಗೆ ಯಾವುದೋ ಒಂದು ಕಣ ಭರ್ರನೆ ಓಡಿ, ಪರದೆಯ ಮೇಲೆ ಅಚ್ಚುಕಟ್ಟಾದ ಜಾಡು ಮೂಡಿತು. ಎಷ್ಟೋ ದಿನಗಳಿಂದ ಅದಕ್ಕಾಗಿ ಕಾದಿದ್ದ ವಿಜ್ಞಾನಿ ಹರಿಪ್ರಸಾದ ಚಿಕ್ಕ ಹುಡುಗನ ಹಾಗೆ ಕುಣಿದುಬಿಟ್ಟರು. ಅವರು ಮೈಸೂರು ಕಡೆಯವರು, ಜರ್ಮನಿಗೆ ಬಂದು ದಶಕಗಳಾಗಿವೆ. ಎರಡು ಗುಂಡುಗಳು ಅಂಟಿಕೊಂಡು ಓಡಿರಬೇಕೆಂದು ತೀರ್ಮಾನಿಸಿ, ಆ ತೂಕದ ಮೇಲೆ ಲೆಕ್ಕವನ್ನೂ ಹಾಕತೊಡಗಿದರು. ಗುರುಬಸಪ್ಪನವರ ಕಣ್ಣು ಮುಚ್ಚಳದ ಮೇಲೆ ಬಿತ್ತು. ಒಣಗಿದ ವಿಭೂತಿಯ ಪಟ್ಟೆ ಅರ್ಧ ಉದುರಿತ್ತು. ಮುಚ್ಚುವಾಗ ಅದರದೇ ಕಣ ಒಳಗೆ ಬಿದ್ದಿರಬೇಕೆಂದು ಅವರಿಗೆ ಹೊಳೆಯಿತು.

"ಸುಮ್ಮಿದ್ರ ಯಾರಿಗೂ ಗೊತ್ತಾಗ್ತಿರಲಿಲ್ಲ. ಕೆಲಸಾನೂ ಉಳೀತಿತ್ತು. ಆದ್ರ ಅವರು ಅಷ್ಟು ಖುಷೀಲೆ ತಪ್ಪು ಲೆಕ್ಕಾ ಮಾಡಾಕತ್ತಿದ್ರು, ನೋಡಾಕ ಆಗಲಿಲ್ರೀ. 'ಸರ್, ಅದು ನಿಮ್ಮ ಗುಂಡಲ್ಲ, ನಮ್ಮ ವಿಭೂತಿ' ಅಂದಬಿಟ್ಟೆ."

ಹರಿಪ್ರಸಾದ ಮೊದಲು ನಂಬಲಿಲ್ಲ. ಮುಚ್ಚಳ ನೋಡಿದ ಮೇಲೆ ಚೆನ್ನಾಗಿಯೇ ಬೈದರು. ತೂಕ ಗೊತ್ತಿಲ್ಲದ ಬೂದಿಯ ಕಣ ಎಷ್ಟು ಚೆಂದ ಓಡಿದರೂ ಅಳತೆಗೆ ಬಾರದು. ಆ ಜಾಡನ್ನು ಕೈಬಿಟ್ಟು ಪೆಟ್ಟಿಗೆಯನ್ನು ಮತ್ತೆ ತೊಳೆಯಬೇಕಾಯಿತು. ಆ ಸಂಜೆ ಗುರುಬಸಪ್ಪನವರಿಗೆ ಮತ್ತೆ ನಲ್ಲಿ ಬಿಚ್ಚುವ ದಿನಗಳೇ ಕಣ್ಣಮುಂದೆ ಬಂದವು.

ಆ ವಾರವೇ ಕಾಂಟ್ರಾಕ್ಟ್ ಮುಂದುವರಿಯಿತು. "ಅವತ್ತು ಸಿಟ್ಟು ಬಂದಿದ್ದು ನಿಜ," ಎನ್ನುತ್ತಾರೆ ಹರಿಪ್ರಸಾದ. "ಆದ್ರೆ ಅವ್ರು ಹೇಳ್ದೇ ಇದ್ದಿದ್ರೆ ನಾನು ಆ ರಾಂಗ್ ರಿಸಲ್ಟ್‌ನ ಪ್ರಪಂಚಕ್ಕೆಲ್ಲ ಹಂಚ್ತಿದ್ದೆ. ಚೇಂಬರ್ ಕೀ ಇವ್ರ ಹತ್ರಾನೇ ಇರ್ಲಿ ಅಂದೆ."

ಈಗ ಖಂಡೆ ಪೂಜೆ ನಡೆಯುವುದು ಬಾಗಿಲಾಚೆ, ಟೂಲ್‌ಬಾಕ್ಸಿಗೆ. ಪ್ರಸಾದಕ್ಕೆ ಮೊದಲು ಕೈಯೊಡ್ಡುವವರು ಹರಿಪ್ರಸಾದರೇ. ಪೆಟ್ಟಿಗೆಯೊಳಗೆ ತೂಕ ಗೊತ್ತಿರುವ ಗುಂಡುಗಳೇ ಓಡುತ್ತಿವೆ, ಜಾಡುಗಳ ಅಳತೆಯೂ ಸಿಗುತ್ತಿದೆ. ಹಾಗಾದರೆ ಅಂದು ಓಡಿದ ಆ ಕಣ? ಗುರುಬಸಪ್ಪ ಪಂಪು ಚಾಲೂ ಮಾಡಿ, ಅದರ ಗುಂಯ್ ಎನ್ನುವ ಸದ್ದು ಸರಿಯಾಗಿದೆಯೇ ಎಂದು ಕಿವಿಗೊಟ್ಟು ಕೇಳಿ, ಮಾಸ್ಕಿನೊಳಗೇ ನಗುತ್ತಾರೆ.

"ಲೆಕ್ಕಕ್ಕ ಹಿಡೀಲಿಲ್ಲ, ಖರೆ. ಆದ್ರ ಈ ಡಬ್ಬ್ಯಾಗ ಎಲ್ಲಾದರಕಿಂತ ಮೊದಲ ಓಡಿದ್ದು ನಮ್ಮ ವಿಭೂತಿನ ಅಲ್ರೀ!"