ಒರಳು ಸುತ್ತಿ ಬಂದ ಕೋಳಿ

ಕೆಲವು ವಾರಗಳ ಹಿಂದೆ ಒಂದು ಭಾನುವಾರ ಬೆಳಿಗ್ಗೆ ಗುಂಡ್ಲುಪೇಟೆಯ ನಮ್ಮ ಬೀದಿಗೆ ಕೋಳಿಮರಿ ಮಾರುವವನ ಮೊಪೆಡ್ ಬಂತು. ಹಿಂದಿನ ಸೀಟಿಗೆ ಬಿಗಿದಿದ್ದ ರಟ್ಟಿನ ಪೆಟ್ಟಿಗೆಯ ತೂತುಗಳಿಂದ ಹೊರಡುತ್ತಿದ್ದ ಚಿಂವ್ ಚಿಂವ್ ಸದ್ದು ಎಷ್ಟು ಜೋರಾಗಿತ್ತೆಂದರೆ, ಅವನು ಬಾಯಿಬಿಟ್ಟು ಕೂಗಬೇಕಾಗಿಯೇ ಇರಲಿಲ್ಲ. ನನ್ನ ಮಗಳು ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಓಡಿದಳು. ಅವನು ಮುಚ್ಚಳ ತೆಗೆದ. ಬೆಚ್ಚಗಿನ ಭತ್ತದ ಹೊಟ್ಟು, ಎಳೆಯ ಪುಕ್ಕ, ಒಂದಿಷ್ಟು ಹಿಕ್ಕೆ, ಎಲ್ಲ ಬೆರೆತ ವಾಸನೆ ಮುಖಕ್ಕೆ ಬಡಿಯಿತು. ಗುಲಾಬಿ, ಹಸಿರು ಬಣ್ಣ ಬಳಿಸಿಕೊಂಡ ಮರಿಗಳು ಒಂದರ ಮೇಲೊಂದು ಹತ್ತುತ್ತಿದ್ದವು. "ತಗಳನ ಅವ್ವಾ, ಹಿಂದ್ಗಡೆ ಸಾಕನ" ಎಂದು ಮಗಳು ಸೆರಗು ಜಗ್ಗಿದಳು. ಸಾಕುವುದಾದರೆ ಬೆಳೆದ ಕೋಳಿಯನ್ನೇ ತರೋಣ ಎಂದುಬಿಟ್ಟೆ. ಬಾಯಿ ನನ್ನದು, ಮಾತು ನನ್ನನ್ನು ಸಾಕಿದ ಚಿಕ್ಕವ್ವನದು. ಅವಳು ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ.

ನನ್ನನ್ನು ಹೆತ್ತ ಅವ್ವ ನಾನು ಶಾಲೆಗೆ ಸೇರುವ ಮೊದಲೇ ಹೋದಳು. ಹರವೆಯ ಹತ್ತಿರದ ನಮ್ಮ ಹಳ್ಳಿಯ ಮನೆಯಲ್ಲಿ ಅಪ್ಪ, ಅಪ್ಪನ ತಾಯಿ ಅಜ್ಜಿ ಮತ್ತು ನಾನು ಉಳಿದೆವು. ಅಂಥ ಮನೆಗಳು ಈಗ ಕಡಿಮೆಯಾಗಿವೆ. ನೀವೂ ಅಂಥದರಲ್ಲಿ ಬೆಳೆದಿದ್ದರೆ ಕಣ್ಣು ಮುಚ್ಚಿಕೊಂಡೇ ಓಡಾಡಬಲ್ಲಿರಿ. ಬೀದಿಗೆ ಜಗಲಿ, ಒಳಗೆ ತಂಪಾದ ಕತ್ತಲಿನ ನಡುಮನೆ, ಅದರಾಚೆ ಹೊಗೆ ಹಿಡಿದ ಅಡಿಗೆಮನೆ, ಅಲ್ಲಿ ನೆಲಕ್ಕೆ ಹೂತ ಒರಳು, ಹಿಂಬಾಗಿಲು ತೆಗೆದರೆ ಹಿತ್ತಲು. ಅರಿಶಿನ ಬೇಯಿಸುವ ಕಾಲದಲ್ಲಿ ಹಿತ್ತಲಿಗೆಲ್ಲ ಒಂದು ಮಣ್ಣುವಾಸನೆಯ ಘಾಟು ತುಂಬುತ್ತಿತ್ತು. ಅವ್ವ ಹೋದ ಮೇಲೆ ಸುಮ್ಮನೆ ಕೂರುತ್ತಿದ್ದ ನನಗೆಂದು ಅಪ್ಪ ಸಂತೆಯಿಂದ ಕೋಳಿಮರಿಗಳನ್ನು ತಂದ. ಅಜ್ಜಿಗೂ ಮರಿಯೇ ಇಷ್ಟ. "ಮರಿ ತಂದ್ರೆ ನಮ್ ಮನೇದೇ ಆಯ್ತದೆ ಕಣಮ್ಮಿ. ಬೆಳೆದ ಕೋಳಿ ಯಾವತ್ತಿದ್ರೂ ಹಳೇ ಮನೆ ಕಡೇನೇ ನೋಡ್ತದೆ" ಎಂದಿದ್ದಳು. ನಾನು ಒಂದೊಂದಕ್ಕೂ ಹೆಸರಿಟ್ಟೆ, ಲಂಗದ ಮಡಿಲಲ್ಲಿ ಮಲಗಿಸಿಕೊಂಡೆ. ಕೆಲವು ಚಳಿಗೆ ಸತ್ತವು. ಉಳಿದವನ್ನು ಹದ್ದು ಕಂಡುಕೊಂಡಿತು. ಕಡೆಯದನ್ನು ಅದು ಎತ್ತಿಕೊಂಡು ಹೋದಾಗ ನಾನು ನುಚ್ಚು ಹಿಡಿದುಕೊಂಡು ಅಲ್ಲೇ ನಿಂತಿದ್ದೆ. ಆಮೇಲೆ ಹಿತ್ತಲಿಗೆ ಹೋಗುವುದನ್ನೇ ಬಿಟ್ಟೆ.

ಮುಂದಿನ ಸುಗ್ಗಿ ಕಳೆದ ಮೇಲೆ ಅಪ್ಪ ಮತ್ತೆ ಮದುವೆಯಾಗಿ ಕುದೇರಿನಿಂದ ಚಿಕ್ಕವ್ವನನ್ನು ಕರೆತಂದ. ಹಾಗೆ ಕರೆಯಬೇಕೆಂದು ಊರೆಲ್ಲ ಹೇಳಿಕೊಟ್ಟಿತು, ನಾನು ಮಾತ್ರ ಅವಳನ್ನು ಏನೆಂದೂ ಕರೆಯುತ್ತಿರಲಿಲ್ಲ. ಏನಾದರೂ ಬೇಕಾದರೆ ಎದುರಿಗೆ ಹೋಗಿ ನಿಲ್ಲುತ್ತಿದ್ದೆ. ಅವಳು ಮುಖ ನೋಡಿ, ಹಸಿವೋ ಜಡೆಯೋ ಎಂದು ತಿಳಿದುಕೊಳ್ಳುತ್ತಿದ್ದಳು. ಮೊದಲ ಸಲ ತವರಿಗೆ ಹೋಗಿ ಬಂದಾಗ ಅವಳ ಕಂಕುಳಲ್ಲಿ ಬಟ್ಟೆ ಮುಚ್ಚಿದ ಬುಟ್ಟಿಯಿತ್ತು. ಬಟ್ಟೆ ಸರಿಸಿದರೆ ಕೆಂಪು ಕೋಳಿ! ಕತ್ತಿನ ಸುತ್ತ ತಾಮ್ರದ ಬಣ್ಣ, ಕಿತ್ತಳೆ ಬಣ್ಣದ ಕಣ್ಣು. ಬೇಡವೆಂದುಕೊಂಡರೂ ನಾನು ಹತ್ತಿರ ಹೋದೆ.

"ಮರಿ ತರದು ಬುಟ್ಟು ಇದ್ನ ಯಾಕಮ್ಮಿ ತಂದೆ?" ಎಂದಳು ಅಜ್ಜಿ.

"ತಾಯಿಲ್ದ ಮರಿಗೆ ಕಾಳು ಹಾಕ್ಬೋದು ಅತ್ತೆ. ಹದ್ದು ಬಂದಾಗ ರೆಕ್ಕೆ ಎಲ್ಲಿಂದ ತರದು?"

ಅಜ್ಜಿ ನನ್ನ ಕಡೆ ನೋಡಿದಳು. "ಇದೂ ಓಯ್ತು ಅಂದ್ರೆ ಈ ಮಗ ತಡಿಯಕಿಲ್ಲ. ಓದ್ರೆ ನಿನ್ನೇ ಕೇಳದು ನಾನು" ಎಂದವಳೇ ಕೋಳಿಯನ್ನು ಎದೆಗವಚಿಕೊಂಡು ಅಡಿಗೆಮನೆಗೆ ನಡೆದಳು. ಹೊಸದಾಗಿ ಬಂದ ಕೋಳಿಯನ್ನು ಒರಳಿನ ಸುತ್ತ ಮೂರು ಸುತ್ತು ಸುತ್ತಿಸಿದರೆ ಅದು ಮನೆ ಬಿಟ್ಟು ಹೋಗುವುದಿಲ್ಲ ಎಂಬುದು ನಮ್ಮಲ್ಲಿಯ ನಂಬಿಕೆ. "ಇದೇ ನಿನ್ ಒಳ್ಳು, ಇದೇ ನಿನ್ ಒಲೆ, ಬ್ಯಾರೆ ಕಡೆ ಓಗ್ಬ್ಯಾಡ" ಎಂದು ಹೇಳುತ್ತ ಅಜ್ಜಿ ಗಂಭೀರವಾಗಿ ಸುತ್ತುತ್ತಿದ್ದರೆ ಬಾಗಿಲಿಗೊರಗಿದ್ದ ಚಿಕ್ಕವ್ವ, "ನನ್ನ ಯಾಕತ್ತೆ ಸುತ್ತಿಸ್ನಿಲ್ಲ? ನಾನ್ ಓಡೋದ್ರೆ?" ಎಂದಳು.

"ನಿನ್ ಕಾಲುಂಗ್ರ ಇಡ್ಕಂಡು ಕೂತವ್ನಲ್ಲ ನನ್ ಮಗ, ಸುಮ್ಕಿರು" ಎಂದ ಅಜ್ಜಿಗೇ ನಗು ಬಂತು. ಅವ್ವ ಹೋದ ಮೇಲೆ ಅಡಿಗೆಮನೆಯಲ್ಲಿ ಯಾರಾದರೂ ನಕ್ಕದ್ದು ಅದೇ ಮೊದಲು.

ಕೆಲವು ದಿನ ಕೋಳಿ ಕಾಲಿಗೆ ದಾರ ಕಟ್ಟಿಸಿಕೊಂಡು, ಸಂಜೆಯಾದರೆ ಬೋರಲು ಹಾಕಿದ ಮಂಕರಿ ಬುಟ್ಟಿಯ ಕೆಳಗಿತ್ತು. ನಾನು ಶಾಲೆಯಿಂದ ಓಡೋಡಿ ಬಂದು ಹಿತ್ತಲಲ್ಲಿ ಕೂರುತ್ತಿದ್ದೆ. ದಾರ ಬಿಚ್ಚಿದ ದಿನ ಅದು ಇಡೀ ಹಿತ್ತಲನ್ನು ಕೆದರಿ ರಂಪ ಮಾಡಿತು. ಹೊತ್ತು ಮುಳುಗುವಾಗ ನೋಡಿದರೆ ಇಲ್ಲ. ಬಣವೆಯ ಹಿಂದೆ, ಸೌದೆಯ ಸಂದಿ, ದನದ ಕೊಟ್ಟಿಗೆ, ಎಲ್ಲ ಹುಡುಕಿದೆವು. "ನಾನ್ ಏಳ್ನಿಲ್ವಾ" ಎಂದು ಅಜ್ಜಿ ಗೊಣಗಿದಳು. ಚಿಕ್ಕವ್ವನ ಮುಖ ಸುಣ್ಣದಂತಾಗಿತ್ತು. ಆಗ ಗೋಡೆಯಾಚೆಯ ಮನೆಯ ಗುರುಮಲ್ಲವ್ವನ ದನಿ ಕೇಳಿತು: "ಶಿವನೇ! ಯಾರ್‍ರವ್ವಾ, ಕೋಳೀನ ನಮ್ ನುಗ್ಗೆ ಮರ ಹತ್ಸಿರೋರು?"

ಓಡಿದೆವು. ಗುರುಮಲ್ಲವ್ವ ಲಿಂಗಪೂಜೆ ಮುಗಿಸದೆ ನೀರು ಮುಟ್ಟದ ಹೆಂಗಸು, ಮೊಟ್ಟೆಯ ಸಿಪ್ಪೆ ಗಾಳಿಗೆ ಹಾರಿ ಹೋದರೂ ಜಗಳಕ್ಕೆ ಬರುತ್ತಿದ್ದಳು. ಈಗ ಮರದ ಬುಡದಲ್ಲಿ ಪೊರಕೆ ಹಿಡಿದು ಕಾವಲು ನಿಂತಿದ್ದಳು. "ನಾನ್ ಅದ್ನ ಮುಟ್ಟಕಿಲ್ಲ ಕಣ್ರವ್ವ. ಆ ಕಳ್ ಬೆಕ್ಕು ಮುಟ್ಟಕ್ಕೂ ಬುಡಕಿಲ್ಲ. ಬ್ಯಾಗ ಇಳಿಸ್ಕಳಿ, ನನ್ ಪೂಜೆ ಹೊತ್ತು ಮೀರ್ತದೆ!"

ಅಜ್ಜಿ ಕೋಲು ತರಲು ಹೊರಟಳು. "ಬ್ಯಾಡಿ ಅತ್ತೆ. ಬೆದರ್ಸಿದ್ರೆ ನಮ್ ಮನೆ ಕಡೆ ಯಾಕ್ ಬಂದದು? ಅದಾಗೇ ಬರ್ಲಿ" ಎಂದು ಚಿಕ್ಕವ್ವ ನನ್ನ ಕೈ ಹಿಡಿದುಕೊಂಡು ಹಿತ್ತಲಿಗೆ ವಾಪಸು ಬಂದಳು. ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು ನನ್ನ ಅಂಗೈಗೆ ರಾಗಿ ಸುರಿದಳು. ಬೊ ಬೊ ಬೊ ಎಂದು ಕರೆದಳು. ದನಿ ಮೊದಲು ನಡುಗುತ್ತಿತ್ತು, ಆಮೇಲೆ ಜೋಗುಳದ ಹಾಗೆ ತಗ್ಗಿತು. ಬೆಳಕು ಇನ್ನೇನು ಹೋಗುತ್ತದೆ ಎನ್ನುವಾಗ ನುಗ್ಗೆಯ ಕೊಂಬೆ ಅಲುಗಿತು. ಕೋಳಿ ಗೋಡೆಯ ಮೇಲೆ ಧೊಪ್ಪನೆ ಬಂದು ಕೂತಿತು, ನಮ್ಮನ್ನು ಒಂದು ಕಣ್ಣಿನಿಂದ ನೋಡಿತು, ಇನ್ನೊಂದು ಕಣ್ಣಿನಿಂದಲೂ ನೋಡಿತು, ಇಳಿದು ಬಂದು ನನ್ನ ಅಂಗೈಯನ್ನು ಕುಟುಕತೊಡಗಿತು. ಕಟ್ಟಲೆಂದು ದಾರ ತಂದಿದ್ದ ಅಜ್ಜಿ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಹೋದಳು.

ಆಮೇಲಿನ ಸಂಭ್ರಮ ಏನು ಹೇಳಲಿ! ಕೋಳಿ ಮೊಟ್ಟೆಗೆ ಬಂತು. ಕೆಳಗಿನ ಬೀದಿಯ ಹುಂಜ ಕರೆಯದೇ ನೆಂಟನಾಯಿತು. ಒಂದು ದಿನ ಕೋಳಿ ಗೂಡು ಬಿಟ್ಟು ಏಳದೆ ಪುಕ್ಕ ಕೆದರಿ ಗುರ್ ಎಂದಾಗ, ಕಾವಿಗೆ ಬಂದಿದೆ ಎಂದು ಚಿಕ್ಕವ್ವ ಹಳೆಯ ಬುಟ್ಟಿಗೆ ಬೂದಿ, ಹುಲ್ಲು ಹಾಸಿ ಮೊಟ್ಟೆ ಜೋಡಿಸಿದಳು. ಗುಡುಗಿಗೆ ಮೊಟ್ಟೆ ಕೆಡಬಾರದೆಂದು ಅಜ್ಜಿ ಯಾರೂ ಹೇಳದೆಯೇ ಇದ್ದಿಲ ಚೂರನ್ನೂ ಒಂದು ಮೊಳೆಯನ್ನೂ ತಂದು ಅದರೊಳಗೆ ಸೇರಿಸಿದಳು. ಮುಂಗಾರಿನ ಮೊದಲ ಗುಡುಗುಗಳಿಗೆ ಮನೆಮಂದಿಯೆಲ್ಲ ಬುಟ್ಟಿಯ ಕಡೆ ಓಡುತ್ತಿದ್ದೆವು, ಅಪ್ಪನೂ. ಬೆಳಿಗ್ಗೆ ಎದ್ದರೆ ನನಗೆ ಮೊದಲು ನೆನಪಾಗುತ್ತಿದ್ದದ್ದು ಬುಟ್ಟಿ. ಜೊತೆಗೆ ಹಳೆಯ ಭಯವೂ ಇತ್ತು: ಇವೂ ಹೋದರೆ? ಅದನ್ನು ನಾನು ಹೇಳಿರಲಿಲ್ಲ, ಚಿಕ್ಕವ್ವ ಮುಖ ನೋಡಿಯೇ ತಿಳಿದುಕೊಂಡಿರಬೇಕು. ಮರಿ ಒಡೆಯುವ ದಿನ ಹತ್ತಿರವಾದಾಗ ಅವಳು ಬೋಗುಣಿಯಲ್ಲಿ ಉಗುರು ಬೆಚ್ಚಗಿನ ನೀರು ತಂದಿಟ್ಟಳು. ಕೋಳಿಯ ಹೊಟ್ಟೆಯ ಕೆಳಗೆ ಕೈ ಹಾಕಿ ಒಂದು ಮೊಟ್ಟೆ ತೆಗೆದು ನೀರಿನ ಮೇಲೆ ಬಿಟ್ಟು, "ಉಸಿರು ಬಿಡ್ಬ್ಯಾಡ, ನೋಡು" ಎಂದಳು. ಮೊಟ್ಟೆ ತೇಲಿತು. ನೀರು ನಿಂತಿತು. ಗಾಳಿಯಿಲ್ಲ, ಯಾರೂ ಮುಟ್ಟಿಲ್ಲ. ಆಗ ಮೊಟ್ಟೆ ತಾನೇ ತಾನಾಗಿ ಕುಲುಕಿತು; ಒಳಗಿನಿಂದ ಯಾರೋ ಮಗ್ಗುಲು ಬದಲಿಸಿದ ಹಾಗೆ. ನೀರಿನ ಮೇಲೆ ಸಣ್ಣ ಬಳೆಯಂಥ ಅಲೆ ಎದ್ದಿತು.

"ಅವ್ವಾ! ಅಲ್ಲಾಡ್ತದೆ ಅವ್ವಾ! ಜೀವ ಅದೆ!" ನಾನು ಕುಣಿದುಬಿಟ್ಟೆ.

ಚಿಕ್ಕವ್ವ ಆ ಮೊಟ್ಟೆಯನ್ನು ಸೆರಗಿನಿಂದ ಒರೆಸುತ್ತಲೇ ಇದ್ದಳು, ಅದು ಒಣಗಿ ಎಷ್ಟೋ ಹೊತ್ತಾದ ಮೇಲೂ. "ಮೆಲ್ಲಕೆ ಕೂಗು ಮಗ, ಕೋಳಿ ಬೆದರ್ತದೆ" ಎಂದಳು, ಅಷ್ಟೇ.

ಮೊಟ್ಟೆ ಒಡೆದು ಹೂಮರಿಗಳು ಎದ್ದವು. ಹದ್ದು ಒಮ್ಮೆ ಇಳಿದದ್ದೂ ಉಂಟು. ಕೆಂಪು ಕೋಳಿ ಮೈಯೆಲ್ಲ ರೆಕ್ಕೆಯಾಗಿ ಎಗರಿದ್ದನ್ನು ನಾನು ಕಣ್ಣಾರೆ ಕಂಡೆ. ಹಿತ್ತಲು ತುಂಬಿತು, ಮೊಟ್ಟೆ ಬೆಂದಿತು, ಕೋಳಿಯ ಮಕ್ಕಳು ಮೊಮ್ಮಕ್ಕಳು ಊರಿನ ಎಷ್ಟೋ ಹಿತ್ತಲಿಗೆ ಹೋದವು. ನನ್ನ ಬಾಯಿಗೆ ಒಮ್ಮೆ ಚಿಕ್ಕವ್ವ ಬರುತ್ತಿತ್ತು, ಒಮ್ಮೆ ಅವ್ವ. ಅವಳು ಎರಡಕ್ಕೂ ಓಗೊಟ್ಟಳು. ಅಜ್ಜಿ ಹೋದಳು, ಅಪ್ಪ ಹೋದ, ಗುರುಮಲ್ಲವ್ವನೂ ಹೋದಳು. ಕಡೆಗೆ ಚಿಕ್ಕವ್ವ ಹೋದ ಮೇಲೆ ಆ ಮನೆಗೆ ಬೀಗ ಬಿತ್ತು. ಈ ಮಳೆಗಾಲದಲ್ಲಿ ಅಡಿಗೆಮನೆಯ ಹೆಂಚು ಕುಸಿದು ಒರಳಿನ ತುಂಬ ನೀರು ನಿಂತಿತ್ತು.

ಅವಳ ಕೋಳಿಗಳಲ್ಲಿ ಉಳಿದದ್ದು ಒಂದೇ, ಎದುರುಮನೆಯವರು ನೋಡಿಕೊಳ್ಳುತ್ತಿದ್ದರು. ಮೊಪೆಡ್ ಬಂದುಹೋದ ಆ ಭಾನುವಾರವೇ ಹೋಗಿ ಅದನ್ನು ಬುಟ್ಟಿಯಲ್ಲಿ ತಂದೆ. ಅದೇ ಕೆಂಪು, ಕತ್ತಿನಲ್ಲಿ ಅದೇ ತಾಮ್ರ. ಬಸ್ಸಿನಲ್ಲಿ ಮಗಳು ಬುಟ್ಟಿಯಿಂದ ಕಣ್ಣು ಕದಲಿಸಲಿಲ್ಲ. ಸುತ್ತಿಸಲು ನಮ್ಮ ಮನೆಯಲ್ಲಿ ಒರಳಿಲ್ಲವೆಂದಾಗ ಅವಳು ಮಿಕ್ಸಿಯನ್ನೇ ತಂದು ನಡುಮನೆಯಲ್ಲಿಟ್ಟಳು. ನಕ್ಕು ನಕ್ಕು ಅದರ ಸುತ್ತಲೇ ಮೂರು ಸುತ್ತು ಹಾಕಿದೆವು.

ನಿನ್ನೆ ದಾರ ಬಿಚ್ಚಿದೆ. ಗೋಪಾಲಸ್ವಾಮಿ ಬೆಟ್ಟದ ಮೇಲೆ ಮೋಡ ಕೂರುವ ಹೊತ್ತಿಗೆ ಕೋಳಿ ಕಾಂಪೌಂಡ್ ಗೋಡೆ ಹತ್ತಿ ಹರವೆಯ ದಿಕ್ಕಿಗೆ ಮುಖ ಮಾಡಿ ಕೂತಿತು. ನಾನು ಮೆಟ್ಟಿಲ ಮೇಲೆ ಕೂತು ಅಂಗೈಗೆ ರಾಗಿ ಸುರಿದುಕೊಂಡು ಬೊ ಬೊ ಬೊ ಎಂದೆ. ತಿರುಗಲಿಲ್ಲ. ಮತ್ತೆ ಕರೆದೆ. ದನಿ ಒಡೆದು ಜೋರಾಯಿತು.

"ಮೆಲ್ಲಕೆ ಕರಿ ಅವ್ವಾ" ಎಂದಳು ಮಗಳು ಪಿಸುಮಾತಿನಲ್ಲಿ. "ಬೆದರ್ತದೆ."

ತಗ್ಗಿಸಿ ಕರೆದೆ. ಕೋಳಿ ಕತ್ತು ಹೊರಳಿಸಿತು. ಒಂದು ಕಣ್ಣಿನಿಂದ ನೋಡಿತು, ಇನ್ನೊಂದು ಕಣ್ಣಿನಿಂದಲೂ ನೋಡಿತು, ಇಳಿದು ಬಂತು. ತಿಂದು ಮುಗಿಸಿ, ಸದಾ ಅಲ್ಲೇ ಇದ್ದದ್ದರ ಹಾಗೆ ಬುಟ್ಟಿಯೊಳಗೆ ನಡೆದು ಕೂತಿತು. ಮಗಳು ಕುಣಿಯುತ್ತ ಒಳಗೋಡಿದಳು. ಕತ್ತಲಾಗುವವರೆಗೂ ನಾನು ಅಲ್ಲೇ ಕೂತಿದ್ದೆ, ಅಂಗೈಗೆ ಅಂಟಿದ್ದ ರಾಗಿಕಾಳುಗಳನ್ನು ಉದುರಿಸದೆ.