ತಗಡಿನ ಗೋಡೆಯ ಸಪ್ಪಳ

ನಿನ್ನೆ ಮಗಳು ಟಿವ್ಯಾಗ ದೆವ್ವ ಹುಡುಕೋ ಕಾರ್ಯಕ್ರಮ ಹಚ್ಚಿದ್ದಳು. ಪಾಳುಬಿದ್ದ ಮನಿಯೊಳಗ ಒಬ್ಬಾಂವ ಮಷೀನ್ ಹಿಡಕೊಂಡು, "ಯಾರರೆ ಇದ್ದರ ಸಪ್ಪಳಾ ಮಾಡ್ರಿ" ಅಂದ. ಟಕ್ ಅಂತು. ಮಗಳು ಚೀರಿದಳು. "ಹಿಂದ ಯಾರೋ ನಿಂತು ಬಡದಾರ, ಸುಮ್ನಿರು" ಅಂದೆ. ಯಾಕಂದ್ರ ಸಣ್ಣಾಕಿದ್ದಾಗ ನಾನೂ ಹಂಗ ಬಡದೇನಿ.

ನಮ್ಮೂರು ಕಬನೂರಾಗ ಅಪ್ಪ ಕರೆಂಟಿನ ಮಗ್ಗ ನಡಸತಿದ್ದ. ಅವ್ವ ಮನ್ಯಾಗ ಲಾಳಿಯೊಳಗ ಹಾಕೋ ಕಟಗಿ ಕಾಂಡಿಗೆ ನೂಲು ಸುತ್ತತಿದ್ದಳು. ತಂಗಿ ಗಂಗಿ ಜ್ವರ ಬಂದು ಸತ್ತಮ್ಯಾಲ ಅವ್ವ ಊಟಾ ಬಿಟ್ಟಳು. ಒಂದು ಮಧ್ಯಾಹ್ನ ಕರೆಂಟ್ ಹೋಗಿ ಓಣಿಯ ಮಗ್ಗ ಎಲ್ಲಾ ನಿಂತಿದ್ದವು. ಅವ್ವ ತಗಡಿನ ಗೋಡೆ ಕಡೆ ಮುಖಾ ಮಾಡಿ, "ಗಂಗೀ, ಇದ್ದರ ಒಂದ್ಸಲ ಸಪ್ಪಳಾ ಮಾಡವಾ" ಅಂದಳು. ನಾನು ಗೋಡೆ ಆಚೆ ಹಿತ್ತಲದಾಗಿದ್ದೆ. ಕೈಯಾಗಿನ ಕಾಂಡಿಯಿಂದ ತಗಡಿಗೆ ಮೆಲ್ಲಕ ತಟ್ಟಿದೆ. ಅವತ್ತು ಅವ್ವ ಎರಡು ರೊಟ್ಟಿ ತಿಂದಳು.

ಆಮ್ಯಾಲ ದಿನಾ ಮಧ್ಯಾಹ್ನ ಕರೆಂಟ್ ಹೋಗಿ ಮಗ್ಗ ನಿಂತಾಗ ಅವ್ವ ಕೇಳತಿದ್ದಳು, ದಿನಾ ನಾನು ತಟ್ಟತಿದ್ದೆ. ಖರೇ ಹೇಳಾಕ ಧೈರ್ಯ ಆಗಲಿಲ್ಲ.

ಒಮ್ಮೆ ಅತ್ತಿ ನನ್ನ ತನ್ನೂರು ಗಡಹಿಂಗ್ಲಜಕ್ಕ ಕರಕೊಂಡು ಹೋದಳು. ಅವ್ವ ಮತ್ತ ಉಪವಾಸ ಬಿದ್ದಿರತಾಳಂತ ಅಂಜಿ, ನಾಕು ದಿನದ ಮ್ಯಾಲ ಎಸ್‌ಟಿ ಬಸ್ಸಿನ್ಯಾಗ ಅಳಕೋತ ಹೊಳ್ಳಿ ಬಂದೆ. ಅವ್ವ ರೊಟ್ಟಿ ಬಡಿಯಾಕತ್ತಿದ್ದಳು. ನನ್ನ ನೋಡಿ ನಕ್ಕಳು.

"ನೀ ಇಲ್ಲದಾಗ ಗಂಗಿ ಭಾಳ ಮಾತಾಡಿದಳವಾ. ಒಂದ್ಸಲ ಕರದರ ಮೂರು ಸಲ ತಟ್ಟತಿದ್ದಳು."

ಗಾಳಿಗೆ ತಗಡು ಬಡದಿರಬೇಕು ಅಂತ ಇವತ್ತಿಗೂ ನನಗ ನಾನ ಹೇಳಕೋತೇನಿ.

ನಿನ್ನೆ ಮಗಳು ಕೇಳಿದಳು, "ಅವ್ವಾ, ದೆವ್ವ ಅಂದ್ರ ಎಲ್ಲಾ ಸುಳ್ಳು, ಹೌದಲಾ?"

"ಟಿವ್ಯಾಗಿಂದು ಸುಳ್ಳವಾ" ಅಂದೆ.