ಹುರಿದ ಕೊತ್ತಂಬರಿ ಬೀಜ

ಮಾರಿಸ್‌ಟೌನಿನ ಆಚೆ, ಸೇಬಿನ ತೋಟಗಳ ನಡುವೆ ನಮ್ಮದೊಂದು ಪುಟ್ಟ ಜಿನ್ ಭಟ್ಟಿ. ಆ ಕಡೆಯವರು ತಲೆಮಾರುಗಳಿಂದ ಸೇಬಿನ ಬ್ರಾಂದಿ ಇಳಿಸಿಕೊಂಡು ಬಂದವರು. ಅವರ ನಡುವೆ ಮೈಸೂರಿನ ಗಂಡ ಹೆಂಡತಿ ಜಿನ್ ಮಾಡಲು ಹೊರಟಿದ್ದು ಹುಚ್ಚಲ್ಲದೆ ಮತ್ತೇನು? ಆದರೂ ನಮ್ಮನೆಯವರ ಮೂಗನ್ನು ನಂಬಿ ನಾನು ಪ್ರಿನ್ಸ್‌ಟನ್ನಿನ ಕೆಲಸ ಬಿಟ್ಟೆ. ನಿಂಬೆ ಸಿಪ್ಪೆ ನಿನ್ನೆಯದೋ ಇವತ್ತಿನದೋ ಎಂದು ಬಾಗಿಲಲ್ಲೇ ನಿಂತು ಹೇಳುವ ಮೂಗು ಅದು. ಭಟ್ಟಿಯಿಂದ ಮೊದಲು ಇಳಿಯುವುದು ಕುಡಿಯುವಂಥದ್ದಲ್ಲ. ಎಲ್ಲಿಯವರೆಗೆ ಚೆಲ್ಲಬೇಕೆಂದು ಅವರು ಮೂಸಿಯೇ ಹೇಳುತ್ತಿದ್ದರು.

ಭಟ್ಟಿ ಹೂಡಿದ್ದ ಶೆಡ್ಡು ತೋಟದ ಯಜಮಾನಿಯದು. ಬ್ರಾಂದಿ ಮನೆತನದವರು, ವಯಸ್ಸಾದವರು. ಈ ಸಲದ ಜಿನ್ ಹಿಡಿಸಿದರೆ ಮಾತ್ರ ನಮ್ಮನ್ನು ಅಲ್ಲಿ ಉಳಿಸಿಕೊಳ್ಳುತ್ತೇನೆ ಎಂದಿದ್ದರು.

ಜಿನ್ನಿಗೆ ಅದರ ಘಮ ಕೊಡುವ ಜೂನಿಪರ್ ಕಾಯಿಯ ಜೊತೆ ಕೊತ್ತಂಬರಿ ಬೀಜ ಬೀಳುತ್ತದೆ, ಹುರಿಯದೆ. ಇವರು ಜ್ವರದಿಂದ ಎದ್ದ ಹೊಸತು, ಹಾಗಾಗಿ ಬೀಜ ಆರಿಸುವ ಕೆಲಸ ನಾನು ತೆಗೆದುಕೊಂಡೆ. ಊಟ ಬಿಸಿ ಮಾಡಲು ಅಲ್ಲೊಂದು ಒಲೆ, ಬಾಣಲೆ ಇತ್ತು. ಕೈ ಸುಮ್ಮನಿರುತ್ತದೆಯೇ? ಯಾವುದೋ ಯೋಚನೆಯಲ್ಲಿ ಸಾರಿನ ಪುಡಿಗೆ ಹುರಿಯುವ ಹಾಗೆ ಘಮ್ಮೆನ್ನುವವರೆಗೆ ಹುರಿದುಬಿಟ್ಟೆ. ಶೆಡ್ಡೆಲ್ಲ ಅಮ್ಮನ ಅಡುಗೆಮನೆಯಾಯಿತು. ಒಲೆ ಆರಿಸಿ, ಬೈಸಿಕೊಳ್ಳಲು ಸಿದ್ಧಳಾಗಿ ನಿಂತೆ. ಬೀಜದ ಬಣ್ಣ ಅಷ್ಟೇನೂ ತಿರುಗಿರಲಿಲ್ಲ. ಇವರು ಬಂದು ಬಾಣಲೆಯ ಮೇಲೆ ಬಗ್ಗಿ ಮೂಸಿ, "ಫ್ರೆಶ್ ಆಗಿದೆ ಕಣೇ" ಎಂದು ಭಟ್ಟಿಗೆ ಸುರಿದರು.

ಜ್ವರ ಮೂಗನ್ನೂ ತೆಗೆದುಕೊಂಡು ಹೋಗಿತ್ತು. ನನಗೂ ಹೇಳಿರಲಿಲ್ಲ. ಸಿಟ್ಟು ಬಂತು, ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು. ಹುರಿದದ್ದೆಂದರೆ ಮೂಗು ಹೋದದ್ದನ್ನು ಅವರ ಮುಖಕ್ಕೇ ಹೇಳಿದಂತೆ, ಹಾಗಾಗಿ ಖಾಲಿ ಬಾಣಲೆ ತೊಳೆಯಲು ಎತ್ತಿಕೊಂಡೆ.

ಜಿನ್ ಇಳಿದ ಮೇಲೆ ಯಜಮಾನಿ ಬಂದು ಗ್ಲಾಸ್ ಮೂಸಿದರು. ಕುಡಿಯಲಿಲ್ಲ. ಇಷ್ಟು ಹುರಿದ ವಾಸನೆ ಗೊತ್ತಾಗದೆ ನನ್ನ ಮುಂದೆ ಇಟ್ಟಿದ್ದೀರಿ, ಮೂಗು ಹೋಗಿ ಎಷ್ಟು ದಿನವಾಯಿತು ಎಂದು ಇವರನ್ನು ಕೇಳಿದರು. ಅವರ ಗಂಡನಿಗೂ ಹೀಗೇ ಆಗಿತ್ತಂತೆ, ಅದು ಮತ್ತೆ ಬರಲೇ ಇಲ್ಲವಂತೆ. ಮೂಗಿಲ್ಲದವರ ಕೈಗೆ ನನ್ನ ಶೆಡ್ಡು ಕೊಡಲಾರೆ, ತಿಂಗಳ ಕೊನೆಗೆ ಬಿಟ್ಟುಬಿಡಿ ಎಂದು ಮೆಲ್ಲಗೆ ಹೇಳಿ ಹೊರಟರು.

ಇವರು ಗ್ಲಾಸನ್ನು ಮೂಗಿಗೆ ಒತ್ತಿಕೊಂಡು ಉಸಿರೆಳೆದರು, ಮತ್ತೆ ಎಳೆದರು.

"ಏನ್ ವಾಸನೆ ಇದೆ ಇದ್ರಲ್ಲಿ? ನೀನಾದ್ರೂ ಹೇಳೇ."

"ಸಾರಿನ ಪುಡೀದು ರೀ. ನಾನೇ ಹುರಿದುಬಿಟ್ಟೆ."

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಇವರು ಗ್ಲಾಸಿನಿಂದ ಮುಖ ಎತ್ತಲೇ ಇಲ್ಲ.

"ಅದೂ ಗೊತ್ತಾಗ್ತಿಲ್ವಲ್ಲೇ ನಂಗೆ" ಎಂದರು.